‘ಆಮೆ’ಯ ಬುದ್ಧಿ ಅಳೆದ ಅತ್ತಿಗೆ

ನನ್ನ ಅತ್ತಿಗೆ ಸುಲಭಕ್ಕೆ ಅಸಹ್ಯಪಡುವವರಲ್ಲ. ಕಾಲೇಜಿನ ಕಿಟಕಿಯಿಲ್ಲದ ಕೋಣೆಯೊಂದರಲ್ಲಿ ಬಣ್ಣದ ಮರದ ತುಂಡುಗಳನ್ನು ಹರಡಿಕೊಂಡು, ಸ್ಟಾಪ್‌ವಾಚ್ ಹಿಡಿದು, ವಿದ್ಯಾರ್ಥಿಗಳ ಬುದ್ಧಿ ಅಳೆಯುವುದು ಅವರ ವೃತ್ತಿ. ಬೆವರಿದ ಅಂಗೈ, ಕಚ್ಚಿದ ಪೆನ್ಸಿಲ್ಲು ಯಾವುದಕ್ಕೂ ಮುಖ ಸಿಂಡರಿಸಿದವರಲ್ಲ. ಅಂಥವರು ಆ ವರ್ಷ ಅನ್ನ ಸೇರದೆ ತಟ್ಟೆ ಸರಿಸಿದ್ದನ್ನು ಕಂಡಿದ್ದೇನೆ.

ಎರಡು ತಾಸಿನ ದೀರ್ಘ ಪರೀಕ್ಷೆಯ ಬದಲು ಅರ್ಧ ತಾಸಿನ ಕಿರುಪರೀಕ್ಷೆಯೇ ಸಾಕೆಂದು ಸಾಧಿಸಲು ಕಾಲೇಜು ಹೊರಟಿತ್ತು. ಸಾಧಿಸಿದರೆ, ಅದರಲ್ಲಿ ಹಿಂದೆಬಿದ್ದವರನ್ನು ಉನ್ನತ ತರಗತಿಯಿಂದ ಕೈಬಿಡಬಹುದು. ಎರಡನ್ನೂ ಬೇರೆಬೇರೆ ದಿನ ಕೊಟ್ಟು ಹೋಲಿಸುವುದು ನ್ಯಾಯ. ಆ ಕೆಲಸದ ಹೊಣೆ ಹೊತ್ತಿದ್ದ ಪ್ರಾಧ್ಯಾಪಕರು ಅಡ್ಡದಾರಿ ಹಿಡಿದರು.

“ಎರಡೆರಡು ಸಲ ಯಾಕೆ ಕೂರಿಸ್ತೀರಿ ಮೇಡಂ? ದೊಡ್ಡದರಿಂದಲೇ ನಾಲ್ಕು ಭಾಗದ ಅಂಕ ಎತ್ಕೊಂಡು ಚಿಕ್ಕದರದ್ದು ಅಂತ ಬರೀರಿ.”

“ಒಂದೇ ಥಾನಿನಿಂದ ಕತ್ತರಿಸಿದ ಬಟ್ಟೆ ಬಣ್ಣ ಹೊಂದದೆ ಇರುತ್ತಾ ಸರ್? ಇದೆಂಥ ಹೋಲಿಕೆ?”

“ಅಯ್ಯೋ ತಾಯಿ, ಉಪದೇಶಕ್ಕೆ ನಿಮ್ಮ ಮೈದುನ ಇದ್ದಾರಲ್ಲ!”

ಪ್ರವಚನ ಹೇಳುವ ನನ್ನ ಮೇಲಿನ ಆ ಕುಚೋದ್ಯಕ್ಕೆ ಅತ್ತಿಗೆ ನಗಲಿಲ್ಲ. ಗೆಳತಿಯರು ‘ಆಮೆ’ ಎಂದು ಕರೆಯುತ್ತಿದ್ದ ಹುಡುಗಿಯೊಬ್ಬಳಿಗೆ ಎರಡನ್ನೂ ಬೇರೆಯಾಗಿಯೇ ಕೊಟ್ಟರು. ಕಿರುಪರೀಕ್ಷೆಯಲ್ಲಿ ಅವಳ ಸಂಕೋಚ ಕಳೆಯುವಷ್ಟರಲ್ಲಿ ಸಮಯ ಮುಗಿದಿತ್ತು. ಅವಳಿಗೆ ಬಂದದ್ದು ಕಡಿಮೆ ಅಂಕ. ದೀರ್ಘ ಪರೀಕ್ಷೆಯಲ್ಲಿ ಮೊದಲ ಅರ್ಧ ತಾಸು ತಡವರಿಸಿ, ಆಮೇಲೆ ಮೊಗ್ಗು ಬಿರಿದಂತೆ ಬಿರಿದು, ತರಗತಿಯ ಮುಂಚೂಣಿಗೆ ಬಂದಳು.

ಉತ್ತರಗಳನ್ನು ನೋಡಿದ ಪ್ರಾಧ್ಯಾಪಕರು, “ಇವಳನ್ನ ಲೆಕ್ಕದಿಂದ ತೆಗೆದುಬಿಡಿ. ಒಬ್ಬಳಿಗೋಸ್ಕರ ನಮ್ಮ ಫಲಿತಾಂಶ ಕೆಡಬೇಕಾ?” ಎಂದರು.

ಇದನ್ನು ಬರೆಯುವಾಗಲೂ ನನಗೆ ಹೇಸಿಗೆಯಾಗುತ್ತದೆ. ನಮ್ಮನ್ನು ಸೃಷ್ಟಿಸಿದಾತನು ಒಂದು ಜೀವವನ್ನು ತಿದ್ದಲು ಇಡೀ ಆಯಸ್ಸನ್ನೇ ಕೊಟ್ಟು ಕಾಯುತ್ತಾನೆ. ಇವರಿಗೆ ಚಹಾ ಆರುವವರೆಗೂ ತಾಳ್ಮೆಯಿಲ್ಲ!

ಅತ್ತಿಗೆ ಎರಡೂ ಉತ್ತರಗಳನ್ನು ಆಡಳಿತ ಸಭೆಯ ಮುಂದಿಟ್ಟರು. ಸಭೆ ಗಂಟಲು ಸರಿಮಾಡಿಕೊಂಡು, ಹುಡುಗಿಗೆ ವಿನಾಯಿತಿ ಕೊಟ್ಟಿತು. ಅದೇ ಉಸಿರಿನಲ್ಲಿ ಕಿರುಪರೀಕ್ಷೆಯನ್ನೂ ಅಂಗೀಕರಿಸಿತು. ಪ್ರಾಧ್ಯಾಪಕರಿಗೆ ಚಪ್ಪಾಳೆ ಬಿತ್ತು.

ಹೊರಗೆ ಕಾಯುತ್ತಿದ್ದ ಹುಡುಗಿಗೆ ಅತ್ತಿಗೆ, “ನಿನ್ನ ಸೀಟು ಉಳೀತಮ್ಮ” ಎಂದರು. ಅವಳು ತನ್ನ ರೂಢಿಯಂತೆ ನಿಧಾನವಾಗಿ ಕೇಳಿದಳು: “ಮೇಡಂ, ನನ್ನಂಥವರು ಮುಂದಿನ ವರ್ಷ ಬಂದ್ರೆ?”

ಅತ್ತಿಗೆ ಒಳಹೋಗಿ ಸ್ಟಾಪ್‌ವಾಚನ್ನು ಪ್ರಾಧ್ಯಾಪಕರ ಮೇಜಿನ ಮೇಲಿಟ್ಟರು.

“ಇದೇನಿದು?”

“ಇನ್ಮೇಲೆ ನೀವೇ ಹಿಡ್ಕೊಳ್ಳಿ ಸರ್.”

ಅಂದು ಮನೆಯಲ್ಲಿ ಅವರು ಎರಡನೆಯ ಸಲ ಬಡಿಸಿಕೊಂಡು ಉಂಡರು. ಹುಡುಗಿಯ ಆ ಪ್ರಶ್ನೆ ನೆನೆದು ನನಗೇ ತುತ್ತು ಇಳಿಯಲಿಲ್ಲ.