ಅತ್ತಿಯ ಎರಡು ಹಗೇವು

ಅದು ಮಹಾಯುದ್ಧ ಮುಗಿದ ವರ್ಷವೋ ಅದರ ಹಿಂದಿನದೋ, ಖಚಿತವಿಲ್ಲ. ನಾನು ಉಟ್ಟಿದ್ದ ಹಸಿರು ಇಳಕಲ್ ಸೀರೆ ಕಣ್ಣಿಗೆ ಕಟ್ಟಿದಂತಿದೆ. ಆದರೆ ಅದನ್ನು ಕೊಂಡದ್ದೇ ಆಮೇಲೆ, ನನ್ನ ಮದುವೆಗೆ ಎಂದು ಅವ್ವ ಹೇಳುತ್ತಾಳೆ. ಇಲ್ಲಿ ಇನ್ನೂ ಕೆಲವು ತಪ್ಪಿರಬಹುದು. ಹೆದರಿದ್ದು ಮಾತ್ರ ನಿಜ.

ಪುಣೆಯಲ್ಲಿ ಅರ್ಥಶಾಸ್ತ್ರ ಓದುತ್ತಿದ್ದೆ. ರಜೆಗೆ ವಿಜಾಪುರಕ್ಕೆ ಹೊರಟಾಗ ಪ್ರಾಧ್ಯಾಪಕರು ಒಂದು ಕೆಲಸ ಕೊಟ್ಟರು: ಸುತ್ತಲಿನ ಹಳ್ಳಿಗಳಲ್ಲಿ ಊರಿಗೆ ಐದು ಮನೆ ಆರಿಸಿ, ಎಷ್ಟು ಜೋಳವಿದೆ ಎಂದು ಕೇಳಿ ಬರೆಯುವುದು. ಆಗ ಸರಕಾರ ಲೆವಿ ಎಂದು ರೈತರಿಂದ ಜೋಳವನ್ನು ಕಡ್ಡಾಯವಾಗಿ ವಸೂಲು ಮಾಡುತ್ತಿತ್ತು. ಯಾವ ಊರು ಎಷ್ಟು ಕೊಡಬೇಕೆಂದು ಕಚೇರಿಯವರು ನಮ್ಮ ವರದಿ ನೋಡಿ ತೀರ್ಮಾನಿಸುತ್ತಾರೆಂದು ನನಗೆ ಗೊತ್ತಿರಲಿಲ್ಲ. ಅಥವಾ, ನಾನು ಕೇಳಿರಲಿಲ್ಲ.

ತಿಕೋಟಾದಲ್ಲಿ ಯಾರೂ ಬಾಯಿ ಬಿಡಲಿಲ್ಲ. “ಜೋಳ ಎಲ್ಲೈತ್ರಿ ಬಾಯಾರ? ಇಲಿ ಸುದ್ದಾ ನಮ್ಮ ಮನಿ ಬಿಟ್ಟು ಹೋಗ್ಯಾವ,” ಎಂದು ಒಬ್ಬ ಮುದುಕ ನಕ್ಕ. ಇದನ್ನು ಪ್ರಾಧ್ಯಾಪಕರಿಗೆ ತಿಳಿಸಿದೆ. ಬಂಧುಗಳಿರುವ ಊರಿಗೆ ಹೋಗು, ಅಲ್ಲಿ ನಿಜ ಹೇಳುತ್ತಾರೆ ಎಂದು ಬರೆದರು. ಬಬಲೇಶ್ವರದಲ್ಲಿ ಅಪ್ಪನ ತಂಗಿ, ನನ್ನ ಅತ್ತಿ, ಇದ್ದಳು.

ಅವಳ ಅಂಗಳದಲ್ಲಿ ಎರಡು ಹಗೇವು ಇದ್ದವು, ನೆಲದೊಳಗೆ ಜೋಳ ತುಂಬಿ ಬಾಯಿ ಮುಚ್ಚಿಡುವ ಆಳವಾದ ಕುಣಿಗಳು. ಅವಳ ಗಂಡ, ಮಾಮ, ಹೊಲದಲ್ಲಿದ್ದರು. ಅತ್ತಿ ರೊಟ್ಟಿ ಬಡಿಯುತ್ತಲೇ ಹೇಳಿದಳು: “ಎರಡೂ ತುಂಬ್ಯಾವ, ಬರಕೋ. ನಿಮ್ಮಪ್ಪಗೂ ಹೇಳು, ನಿನ್ನ ತಂಗಿ ಆರಾಮ ಅದಾಳಂತ.”

ಬರೆದುಕೊಂಡೆ.

ಮುಂದಿನ ರಜೆಗೆ ಬಂದಾಗ ಮಾಮನ ಪತ್ರ ಅಪ್ಪನ ಕೈಯಲ್ಲಿತ್ತು. ಯಾವುದೋ ವರದಿ ನೋಡಿ ಊರಿನ ಲೆವಿ ಪಾಲು ಏರಿಸಿದ್ದಾರೆ, ಕೊಡದವರ ಹಗೇವು ತೆಗೆಸುತ್ತಿದ್ದಾರೆ, ಬಿತ್ತುವ ಬೀಜವೂ ಉಳಿಯುವಂತಿಲ್ಲ. ಮರುದಿನವೇ ಹೊರಟೆ. ಬಬಲೇಶ್ವರದ ದಾರಿಯುದ್ದಕ್ಕೂ ಅದೇ ಯೋಚನೆ: ನಾನು ಕೇಳಿದ್ದು ಐದೇ ಮನೆ, ಅವುಗಳ ಮೇಲೆ ಇಡೀ ಊರನ್ನು ಅಳೆದಿದ್ದಾರೆ.

ಹೋದಾಗ ಊರ ಲೆಕ್ಕ ಬರೆಯುವ ತಲಾಠಿ ಇಬ್ಬರು ಸಿಪಾಯಿಗಳೊಂದಿಗೆ ಅಂಗಳದಲ್ಲೇ ಇದ್ದ. ಒಂದು ಹಗೇವಿನ ಜೋಳ ಆಗಲೇ ಮೇಲೆ ಬರುತ್ತಿತ್ತು. ಇನ್ನೊಂದರ ಕಲ್ಲು ಸರಿಸಿ, ಒಳಗೆ ಕೆಟ್ಟ ಗಾಳಿ ಇದೆಯೇ ನೋಡಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟರು. ದೀಪ ಆರಲಿಲ್ಲ. ತಳ ಕಂಡಿತು. ಕಪ್ಪಾದ ಹುಲ್ಲು, ಮತ್ತೇನಿಲ್ಲ.

“ಇದರಾಗ ಗಾಳಿ ತುಂಬೇವ್ರಿ ಸಾಹೇಬ್ರ,” ಎಂದರು ಮಾಮ. “ಬೇಕಾದ್ರ ಅದನ್ನೂ ಅಳಕೊಂಡು ಹೋಗ್ರಿ.”

“ನನಗ್ಯಾಕ ಅಂತೀರಿ? ನಿಮ್ಮೂರಾಗ ಮನಿಮನಿಗೂ ತುಂಬೈತಂತ ವರದಿ ಐತಿ.”

ಗೋಡೆಯಾಚೆಯಿಂದ ಪಕ್ಕದ ಮನೆಯಾಕೆ ಕೂಗಿದಳು: “ಹಂಗ ಬರದವರ ಕೈಗೆ ಹುಳಾ ಬೀಳ್ಲಿ!”

ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಯಾರಾದರೂ ನನ್ನತ್ತ ತಿರುಗಿದರೆ ಮುಗಿಯಿತು ಅನ್ನಿಸಿತು.

ಕೊಟ್ಟ ಮನೆಯ ಕೊರತೆಯನ್ನು ತವರಿನವರ ಮುಂದೆ ಹೇಳುವುದು ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಅವಮಾನ. ಕೇಳಲು ಹೋದವಳು ಅಣ್ಣನ ಮಗಳು. ಅತ್ತಿ ಇನ್ನೇನು ಹೇಳಿಯಾಳು? ಇದು ನನಗೆ ಹುಟ್ಟಿದಾಗಿನಿಂದ ಗೊತ್ತು. ಆದರೂ ವರದಿಯಲ್ಲಿ ಅದರ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ಪ್ರಾಧ್ಯಾಪಕರಿಗೆ ಗೊತ್ತಿರಲಿಲ್ಲ, ಕಚೇರಿಯವರು ಕೇಳಲಿಲ್ಲ.

ಬೀಜದ ಜೋಳವೂ ಬಂಡಿ ಏರಿತು. ಮಾಮ ಅದರ ಹಿಂದೆ ಚಾವಡಿಯವರೆಗೆ ನಡೆದರು. ಅಂಗಳದಲ್ಲಿ ಚೆಲ್ಲಿದ್ದನ್ನು ಬಳಿಯುತ್ತಿದ್ದ ಅತ್ತಿಯ ಪಕ್ಕ ಕುಳಿತು, ಮೆಲ್ಲಗೆ ಕೇಳಿದೆ. ಆಮೇಲೂ ಎರಡು ಸಲ ಕೇಳಿದ್ದೇನೆ. ಇಂದಿಗೂ ಅವಳು ಉತ್ತರ ಕೊಟ್ಟಿಲ್ಲ.

“ಅತ್ತೀ, ಬರಕೊಂಡು ಹೋದಾಕಿ ನಾನಂತ ಮಾಮಗ ಹೇಳೀಯೇನು?”