ಮಾಳಪ್ಪ ಫೌಜಿನಲ್ಲಿ ಮಾಡಿದ್ದೇನು

“ಬದುಕಿದವರಿಗೋ, ಸತ್ತವರಿಗೋ?” ಎಂದು ಹೂವಿನಂಗಡಿಯಾಕೆ ಕೇಳಿದಳು. ರಷ್ಯಾಕ್ಕೆ ಬಂದು ಇಷ್ಟು ವರ್ಷವಾದರೂ ನಾನು ಹೂವು ಕೊಂಡವನಲ್ಲ. ಇಲ್ಲಿ ಬದುಕಿದವರಿಗೆ ಬೆಸ ಸಂಖ್ಯೆಯ ಹೂವು, ಸತ್ತವರಿಗೆ ಸಮ ಸಂಖ್ಯೆಯದು. ನಮ್ಮ ಮಕ್ತಲ್ ಬಸ್‌ಸ್ಟ್ಯಾಂಡಿನಲ್ಲಿ ಮದುವೆಗಾದರೂ ಮಣ್ಣಿಗಾದರೂ ಮೊಳದ ಲೆಕ್ಕವೇ. ಸತ್ತವರಿಗೆ ಎಂದೆ. ಆಕೆ ಕಟ್ಟಿನಿಂದ ಒಂದು ಹೂವು ತೆಗೆದಿಟ್ಟಳು.

ಸತ್ತವನು ಮಾಳಪ್ಪ. ನಮ್ಮ ಉಟ್ಕೂರಿನ ಕುರುಬರ ಮನೆಯವನು. ಇಬ್ಬರೂ ಇಲ್ಲಿನ ಬ್ರೆಡ್ ಕಾರ್ಖಾನೆಯಲ್ಲಿದ್ದೆವು, ಇದ್ದದ್ದೂ ಒಂದೇ ಕೋಣೆಯಲ್ಲಿ. ಬ್ರೆಡ್ಡಿಗೆ ಇಲ್ಲಿ ‘ಖ್ಲೆಬ್’ ಎನ್ನುತ್ತಾರೆ, ಕರ್ರಗೆ, ಹುಳಿಹುಳಿ. ಜೋಳದ ರೊಟ್ಟಿ ತಿಂದ ಬಾಯಿಗೆ ಅದು ಹಿಡಿಸಲು ಒಂದು ಚಳಿಗಾಲವೇ ಹೋಯಿತು. ಭಾಷೆ ಮೊದಲು ಕಲಿತವನು ಮಾಳಪ್ಪ. ಗದ್ವಾಲದ ಸಂತೆಯಲ್ಲಿ ಕುರಿ ಮಾರುವಾಗ ಕನ್ನಡ, ತೆಲುಗು, ಉರ್ದು ಮೂರರಲ್ಲೂ ಚೌಕಾಸಿ ಮಾಡಿದವನಿಗೆ ನಾಲ್ಕನೆಯದೇನು ದೊಡ್ಡದು? ಆದರೂ ಕಾರ್ಖಾನೆಯಲ್ಲಿ ನಮ್ಮಿಬ್ಬರ ಹೆಸರು ಯಾರಿಗೂ ಬೇಕಿರಲಿಲ್ಲ. ನಾವು ಬರೀ ‘ಇಂಡಿಯಾದವರು’.

ಸೈನ್ಯ ಸೇರಿದರೆ ಪೌರತ್ವ ಬೇಗ ಸಿಗುತ್ತದೆ, ಅವ್ವನನ್ನು ಕರೆಸಿಕೊಳ್ಳಬಹುದು ಎಂದು ಅವನು ಯುದ್ಧಕ್ಕೆ ಹೋದ. ತಾಯಿ ಸಿದ್ದಮ್ಮನಿಗೆ ಮಾತ್ರ, “ಫೌಜಿನಾಗ ಅಡಗಿ ಮಾಡ್ತೀನವ್ವ” ಎಂದು ಹೇಳಿದ್ದ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬುದು ಅವನಿಗೆ ಬೇಗನೆ ಗೊತ್ತಾಗಿರಬೇಕು.

ಶವವನ್ನು ಊರಿಗೆ ಕಳಿಸುವ ಮುನ್ನ ಅಧಿಕಾರಿಯೊಬ್ಬರು ಗೌರವ ಸಲ್ಲಿಸಲು ಬಂದರು. ತಾಯಿಯೊಡನೆ ಮಾತಾಡಬೇಕು, ನೀನೇ ಅನುವಾದಿಸು ಎಂದರು. ನಾನು ಫೋನಿನಲ್ಲಿ ವಿಡಿಯೋ ಹಚ್ಚಿದೆ. ಸಿದ್ದಮ್ಮ ಅಳುತ್ತಿರಲಿಲ್ಲ. ಅತ್ತು ಮುಗಿದಿತ್ತು.

“ತಮ್ಮಾ, ಸಾಹೇಬರಿಗೊಂದು ಮಾತು ಕೇಳಪಾ. ನನ್ನ ಮಗ ಯಾರ್ದರ ಜೀವ ತಗದಾನೇನು? ಪೂಜಾರಿ ಕೇಳಾಕ ಹತ್ಯಾನ.”

ಅವರ ಮನೆತನ ಬೀರಪ್ಪನ ಸೇವೆಯದು. ಆ ಮನೆಯಲ್ಲಿ ಸತ್ತವರಿಗೆ ಭಂಡಾರ, ಅಂದರೆ ದೇವರ ಅರಿಶಿನ, ಹಚ್ಚಿ ಹಿರಿಯರ ಸಾಲಿನಲ್ಲಿ ಮಣ್ಣು ಮಾಡುತ್ತಾರೆ. ಮನುಷ್ಯನನ್ನು ಕೊಂದ ಕೈಗೆ ಭಂಡಾರವಿಲ್ಲ, ಆ ಸಾಲಿನಲ್ಲಿ ಜಾಗವೂ ಇಲ್ಲ. ಅದು ಅವರ ಮನೆಯ ಕಟ್ಟು.

ನಾನು ಪ್ರಶ್ನೆಯನ್ನು ದಾಟಿಸಿದೆ. ಅಧಿಕಾರಿಯ ಮುಖ ಬೆಳಗಿತು. ಕಂದಕದಲ್ಲಿ ಒಬ್ಬನೇ ನಿಂತು ಎಷ್ಟು ಶತ್ರುಗಳನ್ನು ಕೆಡವಿದ ಗೊತ್ತೇ ಎಂದರು. ಅವನು ‘ಗೆರೋಯ್’, ವೀರ. ಅವನು ‘ನಾಶ್’ ಎಂದರು. ನಾಶ್ ಅಂದರೆ ನಮ್ಮವನು. ಬದುಕಿದ್ದಾಗ ಒಬ್ಬರೂ ಅವನನ್ನು ಹಾಗೆ ಕರೆದದ್ದು ನಾನು ಕೇಳಿಲ್ಲ. “ಹೇಳು, ತಾಯಿ ಹೆಮ್ಮೆ ಪಡಲಿ” ಎಂದು ಅವಸರಿಸಿದರು.

ಅತ್ತ ದರಿ, ಇತ್ತ ಪುಲಿ. ಫೋನಿನತ್ತ ತಿರುಗಿ ಹೇಳಿದೆ:

“ಅಡಗಿ ಮನಿಯಾಗ ಇದ್ನಂತ ಯವ್ವ. ಎಲ್ರಿಗೂ ಹೊಟ್ಟಿ ತುಂಬ ಉಣ್ಣಾಕ ನೀಡ್ತಿದ್ನಂತ. ಬಾಂಬು ಬಂದು ಬಿತ್ತಂತ.”

ಸಿದ್ದಮ್ಮ ಕೈ ಮುಗಿದಳು. “ದೊಡ್ಡವರಿಗೆ ಶರಣು ಹೇಳು. ನನ್ನ ಮಗನ ಕೈಲೆ ಯಾರ ಮನಿ ದೀಪಾನೂ ಆರಲಿಲ್ಲ.”

ಏನಂದರು ಎಂದು ಅಧಿಕಾರಿ ಕೇಳಿದರು. ಮಗನ ಬಗ್ಗೆ ಹೆಮ್ಮೆಯಂತೆ ಎಂದೆ. ಅವರು ನೆಟ್ಟಗೆ ನಿಂತು ನನ್ನ ಫೋನಿಗೆ ಸಲ್ಯೂಟ್ ಹೊಡೆದರು. ಇಬ್ಬರ ನಡುವೆ ಫೋನು ಹಿಡಿದು ನಿಂತಿದ್ದ ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಮಾಳಪ್ಪನಿಗೆ ಹಿರಿಯರ ಪಕ್ಕದಲ್ಲೇ ಜಾಗ ಸಿಕ್ಕಿತು. ಪೆಟ್ಟಿಗೆ ತೆರೆಯುವಂತಿರಲಿಲ್ಲವಂತೆ, ಅದರ ಮೇಲೆಯೇ ಭಂಡಾರ ಎರಚಿದರಂತೆ. ಇಲ್ಲಿ ಕಾರ್ಖಾನೆಯ ಗೋಡೆಗೆ ಅವನ ದೊಡ್ಡ ಚಿತ್ರ ಹಾಕಿದ್ದಾರೆ, ಕೈಯಲ್ಲಿ ಬಂದೂಕು. ಅದರ ಫೋಟೋ ಯಾವ ಪುಣ್ಯಾತ್ಮನಾದರೂ ಉಟ್ಕೂರಿಗೆ ಕಳಿಸಿಯಾನು ಎಂದು ಹೆದರುತ್ತೇನೆ. ಅದರ ಕೆಳಗೆ ಹಾಯುವಾಗ ಜೊತೆಗಾರರು ಈಗ ನನ್ನ ಹೆಗಲು ತಟ್ಟಿ, ನೀನೂ ನಾಶ್ ಎನ್ನುತ್ತಾರೆ. ನನಗೆ ಆ ಮಾತು ಬೇಡ. ಊರಿಗೆ ಹೋಗಿ ಸಿದ್ದಮ್ಮನ ಮುಂದೆ ಕೂತು ರೊಟ್ಟಿ ತಿನ್ನುವ ಮುಖವೂ ನನಗಿಲ್ಲ.

ಮೊನ್ನೆ ಅವಳೇ ಫೋನ್ ಮಾಡಿದ್ದಳು.

“ಅಡಗಿ ಮಾಡವಗೂ ಅಷ್ಟು ದೊಡ್ಡ ಸಾಹೇಬರು ಸಲಾಂ ಹೊಡದ್ರಲ್ಲ ತಮ್ಮಾ. ಛಲೋ ಮಂದಿ ಅದಾರ. ನೀ ಅಲ್ಲೇ ಇರು, ಅವಸರ ಮಾಡಿ ಊರಿಗೆ ಬರಬ್ಯಾಡ.”