ಕೂರಿಸಬ್ಯಾಡ ಕಣೋ

"ಶಾನುಭೋಗರ ದಫ್ತರ ಸುಟ್ಟೋದ್ರೂ ಚಿಂತೆಯಿಲ್ಲ ಕಣವ್ವ, ಅಶ್ವತ್ಥಮ್ಮನ ತಲೆ ಐತೆ" ಎನ್ನುತ್ತಿದ್ದರು ಲಗ್ಗೆರೆಯ ಹೆಂಗಸರು. ಪಕ್ಕದ ಮನೆಯ ಸೊಣ್ಣಮ್ಮ ಅದಕ್ಕೊಂದು ಬಾಲ ಸೇರಿಸುತ್ತಿದ್ದಳು: "ಇರ್ದೆ ಏನು? ಮಾರೋದು ಅರ್ಧ ಕುಕ್ಕೆ, ಮುಕ್ಕೋದು ಅರ್ಧ ಕುಕ್ಕೆ!"

ಕುಕ್ಕೆಯಲ್ಲಿದ್ದದ್ದು ಹುರಿದ ಕಡಲೆಕಾಯಿ. ಎಪ್ಪತ್ತರ ಹತ್ತಿರ ಬಂದಿದ್ದರೂ ಅಶ್ವತ್ಥಮ್ಮ ಅದನ್ನು ಹೊತ್ತು ದಿನಾ ಪೀಣ್ಯದವರೆಗೆ ನಡೆಯುತ್ತಿದ್ದಳು. ಹೋಗುತ್ತಾ ಮುಕ್ಕಾಲು ಗಂಟೆ, ಬರುತ್ತಾ ಮುಕ್ಕಾಲು ಗಂಟೆ. ದಾರಿಯುದ್ದಕ್ಕೂ ಸಿಪ್ಪೆ ಉದುರಿಸುತ್ತಾ, ಹೊಸದಾಗಿ ಎದ್ದ ಶೆಡ್ಡುಗಳನ್ನು ಕಂಡಾಗಲೆಲ್ಲ, "ಇದರಡೀಗೆ ವೆಂಕಟಪ್ಪನ ರಾಗಿ ಹೊಲ, ಅದರಡೀಗೆ ರಾಮಮ್ಮನ ಉಣಿಸೆಮರ" ಎಂದು ತನಗೆ ತಾನೇ ಹೇಳಿಕೊಳ್ಳುವಳು. ಊರಿಗೆ ಊರೇ ತಗಡಿನ ಕೆಳಗೆ ಹೋಗಿತ್ತು. ಉಳಿದದ್ದು ಅವಳ ತಲೆಯಲ್ಲಿ.

೧೯೭೯ರಲ್ಲಿ ಮಗ ಗೋಪಾಲಪ್ಪನಿಗೆ ಪೀಣ್ಯದಲ್ಲೇ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಶಿಫ್ಟು ಮುಗಿಸಿ ಹೊರಬಂದರೆ ಗೇಟಿನೆದುರೇ ತಾಯಿ. "ಏನ್ ಗುರು, ನಿಮ್ಮಮ್ಮಂಗೇಳಿ ಇನ್ನೊಂದು ಬೊಗಸೆ ಜಾಸ್ತಿ ಆಕ್ಸೋ!" ಎಂದು ಜೊತೆಯವರು ನಗುವರು. ಗೋಪಾಲಪ್ಪನ ತಲೆ ತಗ್ಗುವುದು. ಒಂದು ಸಂಜೆ ಬೆತ್ತದ ಕುರ್ಚಿ ತಂದು ಜಗಲಿಯ ಮೇಲಿಟ್ಟ.

"ಇನ್ಮೇಲೆ ನೀನು ಅಲೀಬಾರ್ದು. ಕೂರಿಸಿ ಅನ್ನ ಆಕ್ತೀನಿ. ಆ ಕಡ್ಲೆಕಾಯೂ ಬಿಡು, ಪಿತ್ತ."

ಅವಳ ಕೈ ಬಾಯಿಯ ಹತ್ತಿರವೇ ನಿಂತಿತು. "ನಮ್ಮೋರು ಕೂರ್ಸೋದು ಯಾರನ್ನಲಾ? ಸತ್ತೋರ ಎಣಾನ. ಕೂರ್ಸಿ, ಊವ ಆಕಿ, ಎತ್ಕೊಂಡೋಯ್ತಾರೆ. ನನ್ನ ಕೂರಿಸಬ್ಯಾಡ ಕಣೋ."

ಗೋಪಾಲಪ್ಪ ನಕ್ಕುಬಿಟ್ಟ. ಕುಕ್ಕೆಯನ್ನು ಅಟ್ಟಕ್ಕೆಸೆದ.

"ಪುಣ್ಯವಂತೆ ಕಣಮ್ಮ" ಎಂದಳು ಸೊಣ್ಣಮ್ಮ. ಪುಣ್ಯವಂತೆ ಎರಡು ವರ್ಷ ಕೂತಳು. ಅವಳ ತಲೆಯಿಂದ ಮೊದಲು ಹೋದದ್ದು ರಾಮಮ್ಮನ ಹುಣಿಸೆಮರ. ಆಮೇಲೆ ವೆಂಕಟಪ್ಪನ ಹೊಲ. ಆಮೇಲೆ ಸೊಣ್ಣಮ್ಮನ ಹೆಸರು. ಒಂದು ಸಂಜೆ ಗೋಪಾಲಪ್ಪ ಯೂನಿಫಾರ್ಮಿನಲ್ಲೇ ಜಗಲಿ ಹತ್ತಿದಾಗ ಕುರ್ಚಿಯಿಂದ ಕೇಳಿತು:

"ನೀನು ಯಾವ ಶೆಡ್ಡಿನೋನಪ್ಪ?"

ಮರುದಿನವೇ ಅವಳನ್ನು ಡಾಕ್ಟರ ಹತ್ತಿರ ಕರೆದೊಯ್ದ.

ದಾಸರಹಳ್ಳಿಯ ಡಾಕ್ಟರು ಎಲ್ಲ ಕೇಳಿದರು. "ನಡಿಗೆ, ಕಡ್ಲೆಕಾಯಿ, ಇಂಥವು ವಯಸ್ಸಾದವರ ಮಿದುಳಿಗೆ ಒಳ್ಳೇದಿರಬಹುದು ಕಣ್ರೀ. ಕೂರಿಸಿದ್ರಿಂದ್ಲೇ ಹಿಂಗಾಯ್ತು ಅಂತ ನಾನು ಹೇಳಲ್ಲ. ಆಗ್ಲಿಲ್ಲ ಅಂತಾನೂ ಹೇಳೋಕಾಗಲ್ಲ."

ಆಯಿತು ಎಂದೋ ಇಲ್ಲ ಎಂದೋ ಹೇಳಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

ಮಾರನೆಯ ದಿನ ಅಟ್ಟದಿಂದ ಕುಕ್ಕೆ ಇಳಿಯಿತು. ದಿನಾ ಸಂಜೆ, ಶಿಫ್ಟಿನವರೆಲ್ಲ ನೋಡುತ್ತಿದ್ದಂತೆಯೇ, ತಾಯಿಯ ಕೈ ಹಿಡಿದು ಅದೇ ದಾರಿಯಲ್ಲಿ ನಡೆಸಿದ. ಕಾಯಿ ಸುಲಿದು ಒಂದೊಂದೇ ಬೀಜ ಅಂಗೈಗೆ ಹಾಕಿದ. ಕಾಲು ಗಂಟೆಗೇ ಅವಳ ಕಾಲು ಸೋಲುತ್ತಿತ್ತು. ಎರಡು ತಿಂಗಳ ಮೇಲೆ ಒಂದು ದಿನ ಕಾಂಪೌಂಡಿನ ಗೋಡೆಯೊಂದರ ಮುಂದೆ ತಟ್ಟನೆ ನಿಂತಳು.

"ರಾಮಮ್ಮನ ಉಣಿಸೆಮರ."

ಗೋಪಾಲಪ್ಪ ಅವಳೆದುರಿಗೆ ಬಂದು ನಿಂತ. "ಊಂ ಕಣವ್ವ! ಮತ್ತೆ ನಾನು? ನಾನ್ಯಾರೇಳು?"

ಅವಳು ಅವನ ಮುಖವನ್ನು ಗೋಡೆ ನೋಡಿದಷ್ಟೇ ಹೊತ್ತು ನೋಡಿದಳು. ಬೀಜ ಅಗಿದಳು. ಮುಂದೆ ನಡೆದಳು.

ಮಳೆಗಾಲ ಹಿಡಿಯಿತು, ನಡಿಗೆ ನಿಂತಿತು. ಒಂದು ಮಧ್ಯಾಹ್ನ ಹಾಸಿಗೆಯಲ್ಲೇ ಅವಳ ಉಸಿರೂ ನಿಂತಿತು.

ಊರವರು ಸೇರಿದರು. ಅವರ ಕುಲದಲ್ಲಿ ಸತ್ತವರೆಲ್ಲ ಇಲ್ಲಿಯತನಕ ಕೂತೇ ಸ್ಮಶಾನಕ್ಕೆ ಹೋದವರು. ಸೊಣ್ಣಮ್ಮ ಕಣ್ಣೊರೆಸಿಕೊಳ್ಳುತ್ತಾ ಜಗಲಿಯಿಂದ ಬೆತ್ತದ ಕುರ್ಚಿ ಎಳೆದು ತಂದಳು. "ಇದ್ರಲ್ಲೇ ಕೂರ್ಸ್ರಪ್ಪ. ಅಭ್ಯಾಸ ಆಗಿತ್ತು ಪಾಪ."

ಗೋಪಾಲಪ್ಪ ಕುರ್ಚಿಯನ್ನು ಎರಡೂ ಕೈಯಲ್ಲಿ ಹಿಂದಕ್ಕೆ ನೂಕಿದ.

"ಬ್ಯಾಡ. ಮಲಗಿಸ್ರಿ."

"ಪದ್ಧತಿ ಅಲ್ಲ ಕಣೋ!" ಎಂದರು ಊರವರು.

"ನಾನು ಒಂದ್ಸಲ ಕೂರ್ಸಿದ್ದೀನಿ, ಸಾಕು."

ಮಲಗಿಸಿ ಒಯ್ಯಲು ಬಿದಿರಿನ ಚಟ್ಟ ಕಟ್ಟಿದರು. ತಾಯಿಯ ಮಡಿಲಿಗೆ ಅವನು ಒಂದು ಹಿಡಿ ಕಡಲೆಕಾಯಿ ಹಾಕಿದ. ಅಶ್ವತ್ಥಮ್ಮ ಮಲಗಿಕೊಂಡೇ ಹೊಸ್ತಿಲು ದಾಟಿದಳು.